ಸಹಾಯಕ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ಮಗ ವೀಲ್‌ಚೇರ್‌ನಲ್ಲಿದ್ದಾನೆ. ಕೈಗೆ ಬಲ ಇದೆ, ಬಗ್ಗಲು ಆಗುವುದಿಲ್ಲ. ಪರಿಚಯದವರು ಎರಡು ತಿಂಗಳ ಲ್ಯಾಬ್ರಡಾರ್ ಮರಿ ಕೊಡುತ್ತೇವೆ ಅನ್ನುತ್ತಿದ್ದಾರೆ. ನಾವೇ ಕಲಿಸಿ ಅವನ ಸಹಾಯಕ್ಕೆ ಇಟ್ಟುಕೊಳ್ಳಬಹುದೇ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಮನೆಯೊಳಗಿನ ಕೆಲಸಗಳನ್ನು ಕಲಿಸಬಹುದು. ಮರಿ ತರುವ ಮೊದಲು, ಮಗ ದಿನದಲ್ಲಿ ಯಾವ್ಯಾವುದಕ್ಕೆ ನಿಮ್ಮನ್ನು ಕರೆಯುತ್ತಾನೆ ಎಂದು ಒಂದು ವಾರ ಬರೆದಿಡಿ. ಬಿದ್ದ ಮೊಬೈಲ್, ತೆರೆಯಲಾಗದ ಬಾಗಿಲು, ಕೈಗೆಟುಕದ ಟವೆಲ್... ನಾಯಿಗೆ ಕಲಿಸಬೇಕಾದ ಪಾಠ ಆ ಪಟ್ಟಿಯೇ.

ಮರಿ ನೋಡಲು ಹೋದಾಗ ಸ್ವಲ್ಪ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚಿದರೆ ಚಿಂತೆಯಿಲ್ಲ, ತಾನಾಗಿ ಬಂದು ಮೂಸುತ್ತದೆಯೇ ನೋಡಿ. ಮೂಲೆ ಸೇರಿ ಹೊರಗೇ ಬಾರದ ಮರಿ ಬೇಡ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಿ. ಲ್ಯಾಬ್ರಡಾರ್‌ಗೆ ಸೊಂಟದ ಕೀಲಿನ ತೊಂದರೆ ಬರುವುದುಂಟು. ಇಷ್ಟೆಲ್ಲ ನೋಡಿ ತಂದರೂ ಕೆಲಸಕ್ಕೆ ಒಗ್ಗದೆ ಹೋಗಬಹುದು. ನುರಿತ ತರಬೇತಿ ಶಾಲೆಗಳಲ್ಲೇ ಎಷ್ಟೋ ಮರಿಗಳು ನಡುವೆ ಕೈಬಿಟ್ಟುಹೋಗುತ್ತವೆ. ಹಾಗಾದರೆ ಅದನ್ನು ಸಾಕುನಾಯಿಯಾಗಿ ಇಟ್ಟುಕೊಳ್ಳುತ್ತೀರಾ ಎಂದು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಬಿದ್ದದ್ದನ್ನು ಎತ್ತಿಕೊಡುವುದನ್ನು ಬಟ್ಟೆ ಸುತ್ತಿದ ಸಣ್ಣ ಕೋಲಿನಿಂದ ಶುರುಮಾಡಿ. ನಾಯಿ ಮೂಸಿದ ಕ್ಷಣಕ್ಕೇ "ಹಾಂ" ಎಂದು, ಕಡಲೆಕಾಳಿನಷ್ಟು ಬೇಯಿಸಿದ ಕೋಳಿಮಾಂಸ ಕೊಡಿ, ಉಪ್ಪು ಹಾಕಬೇಡಿ. ಆಮೇಲೆ ಬಾಯಿ ಹಾಕಿದರೆ ಮಾತ್ರ "ಹಾಂ". ಮುಂದೆ ಒಂದು ಸೆಕೆಂಡ್ ಹಿಡಿದರೆ, ನಂತರ ಐದು ಸೆಕೆಂಡ್ ಹಿಡಿದರೆ. ಅದು ಗಟ್ಟಿಯಾದ ಮೇಲೆಯೇ ನೆಲದಿಂದ ಎತ್ತುವುದು, ಕೊನೆಗೆ ಮಗನ ತೊಡೆಯ ಮೇಲೆ ತಂದಿಡುವುದು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು.

ಅರ್ಧ ದಾರಿಯಲ್ಲೇ ಬೀಳಿಸಿಬಿಡುತ್ತದೆ ಎಂಬುದು ಎಲ್ಲರ ದೂರು. ಬೀಳಿಸಿದ ಮೇಲೆ ತಿಂಡಿ ಕೊಡುತ್ತಾ ಬಂದರೆ ನಾಯಿ ಬೀಳಿಸುವುದನ್ನೇ ಕಲಿಯುತ್ತದೆ. ಕೈ ಅದರ ಬಾಯಿಯ ಕೆಳಗಿರಲಿ, ವಸ್ತು ಇನ್ನೂ ಬಾಯಲ್ಲಿರುವಾಗಲೇ "ಹಾಂ" ಬರಲಿ. ಬೀಗದ ಕೈಯಂಥ ಲೋಹವನ್ನು ಕಚ್ಚಲು ಹಿಂಜರಿಯುವ ನಾಯಿಗಳಿವೆ, ಅದಕ್ಕೊಂದು ಬಟ್ಟೆಪಟ್ಟಿ ಕಟ್ಟಿ. ಮರಿ ಚಪ್ಪಲಿ ಎತ್ತಿಕೊಂಡು ಓಡಿದಾಗ ಅಟ್ಟಿಸಿಕೊಂಡು ಹೋಗಬೇಡಿ, ತಿಂಡಿ ಕೊಟ್ಟು ಬದಲಿಸಿಕೊಳ್ಳಿ. ಗದರಿಸಿದರೆ ಮುಂದೆ ಏನನ್ನೂ ಬಾಯಿಂದ ಮುಟ್ಟದು.

ಇವೆಲ್ಲ ಮಗನ ಕೈಯಿಂದಲೇ ನಡೆಯಬೇಕು. ನೀವು ಕಲಿಸಿದರೆ ನಾಯಿ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ದಿನದ ಊಟದಲ್ಲೇ ಒಂದು ಪಾಲನ್ನು ಪಾಠಕ್ಕೆ ತೆಗೆದಿಡಿ, ಇಲ್ಲದಿದ್ದರೆ ಲ್ಯಾಬ್ರಡಾರ್ ಬೇಗ ಕೊಬ್ಬುತ್ತದೆ. ಬಾಗಿಲಿನ ಮೇಲ್ಚಿಲಕ ತೆಗೆಸಿ ಕೆಳಕ್ಕೆ ಒತ್ತುವ ಹಿಡಿಕೆ ಹಾಕಿಸಿ ಹಗ್ಗ ಕಟ್ಟಿದರೆ ನಾಯಿ ಎಳೆದು ತೆರೆಯಬಲ್ಲದು. ವೀಲ್‌ಚೇರ್ ಎಳೆಸುವುದು, ಬೆನ್ನ ಮೇಲೆ ಭಾರ ಬಿಡುವುದು ಮಾತ್ರ ಬೇಡ. ಅದರ ಕೀಲು ಹಾಳಾಗುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರದ ಭಯ ಹೆಚ್ಚು. ರೇಬಿಸ್ ಜೊತೆಗೆ ಅದರ ಲಸಿಕೆಯನ್ನೂ ತಪ್ಪಿಸಬೇಡಿ, ನಿಂತ ನೀರು ಕುಡಿಯಲು ಬಿಡಬೇಡಿ. ಕಿವಿ ಒರೆಸಿ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ. ಚೆಂಡೆಯ ಸದ್ದನ್ನು ದೂರದಿಂದಲೇ, ಊಟ ಹಾಕುತ್ತಾ, ಅಭ್ಯಾಸ ಮಾಡಿಸಿ.

ಪ್ರಶ್ನೆ: ನನಗೆ ಪೂರ್ತಿ ದೃಷ್ಟಿ ಇಲ್ಲ, ಬಿಳಿಕೋಲು ಹಿಡಿದು ಓಡಾಡುತ್ತೇನೆ. ಮಾರ್ಗದರ್ಶಿ ನಾಯಿ ಇದಕ್ಕಿಂತ ಒಳ್ಳೆಯದೇ?
– ಓದುಗರೊಬ್ಬರು, ಕಂಕನಾಡಿ, ಮಂಗಳೂರು

ಉತ್ತರ: ದಾರಿ ನಿಮ್ಮ ತಲೆಯಲ್ಲಿರಬೇಕು. ನಾಯಿ ಅಡ್ಡ ಬಂದದ್ದನ್ನು ಸುತ್ತಿಬಳಸಿ ಹೋಗುತ್ತದೆ, ಮೆಟ್ಟಿಲಿನ ಮುಂದೆ, ಬಾಯ್ದೆರೆದ ಚರಂಡಿಯ ಮುಂದೆ ನಿಲ್ಲುತ್ತದೆ. ರಸ್ತೆ ಯಾವಾಗ ದಾಟಬೇಕೆಂದು ವಾಹನಗಳ ಸದ್ದು ಕೇಳಿ ತೀರ್ಮಾನಿಸುವವರು ನೀವೇ. ನೀವು "ಮುಂದೆ" ಎಂದಾಗ ವಾಹನ ನುಗ್ಗಿಬಂದರೆ ನಾಯಿ ಕದಲುವುದಿಲ್ಲ. ಹಾಗೆ ಮಾತು ಮೀರುವುದನ್ನೂ ಕಲಿಸಲಾಗಿರುತ್ತದೆ. ಹೀಗಾಗಿ ಬಿಳಿಕೋಲಿನ ನಡಿಗೆ ಗಟ್ಟಿಯಾಗಿರುವವರಿಗೇ ನಾಯಿ ಉಪಯೋಗಕ್ಕೆ ಬರುತ್ತದೆ.

ನಿಮ್ಮ ನಿಜವಾದ ಅಡ್ಡಿ ಬೀದಿನಾಯಿಗಳು. ಒಮ್ಮೆ ಕಚ್ಚಿಸಿಕೊಂಡರೆ ಒಳ್ಳೆಯ ಮಾರ್ಗದರ್ಶಿ ನಾಯಿಯೂ ಹೆದರಿ ಕೆಲಸಕ್ಕೆ ಬಾರದೆ ಹೋಗಬಹುದು. ದಿನವೂ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ, ಯಾವ ಹೊತ್ತಿಗೆ ಹಿಂಡು ಇರುತ್ತದೆ ಎಂದು ಮೊದಲು ಗುರುತಿಸಿ. ಪ್ರತಿ ತಿರುವಿನಲ್ಲೂ ಹಿಂಡಿದ್ದರೆ ಸದ್ಯಕ್ಕೆ ಬಿಳಿಕೋಲೇ ಸರಿ. ಈ ತರಬೇತಿ ಮನೆಯಲ್ಲಿ ಆಗುವಂಥದ್ದಲ್ಲ. ನಾಯಿ ಕೊಡುವ ಮೊದಲು ನಿಮಗೂ ಅದಕ್ಕೂ ಕೆಲವು ವಾರ ಜೊತೆಯಾಗಿ ತರಬೇತಿ ಇರಲೇಬೇಕು. ಹಾಗಿಲ್ಲದೆ ನಾಯಿ ಕೊಡುವವರಿಂದ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಅಪಸ್ಮಾರ ಬರುವ ಮೊದಲೇ ಎಚ್ಚರಿಸುವಂತೆ ನಾಯಿಗೆ ಕಲಿಸಬಹುದೇ?
– ಓದುಗರು, ಕಾಪು

ಉತ್ತರ: ನಂಬಿಕೊಳ್ಳುವ ಮಟ್ಟಕ್ಕೆ ಕಲಿಸಲು ಆಗದು. ಕೆಲವು ನಾಯಿಗಳು ತಾವಾಗಿಯೇ ಗ್ರಹಿಸುವುದುಂಟು, ಅಷ್ಟೆ. ಬಂದ ಮೇಲೆ ಬೊಗಳಿ ಕರೆಯುವುದು, ನೆಲಮಟ್ಟದಲ್ಲಿಟ್ಟ ಕರೆಗಂಟೆಯ ಗುಂಡಿ ಒತ್ತುವುದು, ಪಕ್ಕದಲ್ಲೇ ಮಲಗಿರುವುದನ್ನು ಕಲಿಸಬಹುದು. "ಮೊದಲೇ ಎಚ್ಚರಿಸುವ ನಾಯಿ" ಎಂದು ಯಾರಾದರೂ ಖಾತರಿ ಕೊಟ್ಟು ಹಣ ಕೇಳಿದರೆ ಕೊಡಬೇಡಿ. ವೈದ್ಯರು ಬರೆದ ಮಾತ್ರೆಯನ್ನು ನಾಯಿ ಇದೆಯೆಂದು ಒಂದು ಹೊತ್ತೂ ಬಿಡಬೇಡಿ.