ಅಪ್ಪ-ಅಮ್ಮನ ಜೊತೆ ಡಿಸೆಂಬರಿನಲ್ಲಿ ಏಳು ರಾತ್ರಿಯ ಕೆರಿಬಿಯನ್ ಕ್ರೂಸ್: ಯಾವ ಹಡಗು, ಯಾವ ಪ್ಯಾಕೇಜ್ ಒಳ್ಳೆಯದು?

ಡಲ್ಲಾಸ್‌ನಲ್ಲಿ ಗಂಡ-ಹೆಂಡತಿ ಎಚ್-1ಬಿ (ಕೆಲಸದ ವೀಸಾ), ಮೈಸೂರಿಂದ ಬರುವ ಅಪ್ಪ-ಅಮ್ಮ ಬಿ-2 (ಪ್ರವಾಸಿ ವೀಸಾ), ಆದಷ್ಟು ಹೆಚ್ಚು ದ್ವೀಪ ನೋಡಬೇಕು, ಡ್ರಿಂಕ್ಸ್ ಪ್ಯಾಕೇಜ್ ಬೇಕೋ ಬೇಡವೋ. ನಿಮ್ಮ ಪ್ರಶ್ನೆ ನೋಡಿದರೆ ನನ್ನದೇ ಹಳೆಯ ಪಟ್ಟಿ ಕಣ್ಣೆದುರು ಬಂದ ಹಾಗಿದೆ. ಹಡಗು ಯಾವುದಾದರೂ ನಡೆಯುತ್ತದೆ, ಅದು ಆಮೇಲಿನ ಮಾತು. ಮೊದಲು ಪಾಸ್‌ಪೋರ್ಟ್ ತೆಗೆದು ವೀಸಾ ಸ್ಟಾಂಪಿನ ತಾರೀಕು ನೋಡಿ. ಐ-797 (ಎಚ್-1ಬಿ ಮಂಜೂರಾತಿ ಪತ್ರ) ಅಲ್ಲ, ಪಾಸ್‌ಪೋರ್ಟಿನೊಳಗಿನ ವೀಸಾ ಸ್ಟಾಂಪು.

ಎಕ್ಸ್‌ಟೆನ್ಶನ್ ಆಗಿ ಹೊಸ ಐ-797 ಬಂದಿದ್ದರೆ ಅಮೆರಿಕದ ಒಳಗೆ ಇರುವುದಕ್ಕೆ, ಕೆಲಸ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ. ಆದ್ದರಿಂದಲೇ ಪಾಸ್‌ಪೋರ್ಟಿನ ಸ್ಟಾಂಪು ಮುಗಿದು ವರ್ಷವಾಗಿದ್ದರೂ ಅದರ ನೆನಪೇ ಇರುವುದಿಲ್ಲ. ಹಡಗು ಮಯಾಮಿಯಲ್ಲಿ ಹೊರಟು ಮಯಾಮಿಗೇ ಬರುತ್ತದೆ, ವಿದೇಶಕ್ಕೆ ವಿಮಾನ ಹತ್ತುವುದಿಲ್ಲ, ಹಾಗಾಗಿ ದೇಶ ಬಿಟ್ಟು ಹೋದಂತೆಯೇ ಅನಿಸುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಮಾತ್ರ ಬಹಾಮಾಸ್ ಮುಟ್ಟಿದ ಮೇಲೆ ನೀವು ದೇಶ ಬಿಟ್ಟವರೇ. ವಾಪಸ್ ಬರಲು ಚಾಲ್ತಿಯಲ್ಲಿರುವ ಸ್ಟಾಂಪು ಬೇಕು.

ಇಲ್ಲಿ ಜನ ಎಡವುವುದು ಅರ್ಧ ನಿಜವಾದ ಒಂದು ಮಾತಿನಿಂದ. "30 ದಿನದೊಳಗೆ ಬಂದರೆ ಹಳೇ ಸ್ಟಾಂಪಿನಲ್ಲೇ ಬಿಡುತ್ತಾರೆ, ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಇದೆಯಲ್ಲ" ಎಂದು ಆಫೀಸಿನಲ್ಲಿ ಯಾರೋ ಹೇಳಿರುತ್ತಾರೆ. ನಿಯಮ ಇದೆ, ಅಮೆರಿಕದ ಸರ್ಕಾರಿ ನಿಯಮಾವಳಿಯ 22 ಸಿಎಫ್‌ಆರ್ 41.112ರಲ್ಲಿ. ಅದನ್ನು ಎರಡು ತುಂಡಾಗಿ ಓದಬೇಕು. ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಮರಳಿದರೆ ಎಚ್-1ಬಿ, ಅವರ ಕುಟುಂಬದ ಎಚ್-4ನವರಿಗೂ ಅದು ಅನ್ವಯ. ಬಹಾಮಾಸ್, ಜಮೈಕಾ, ಬಾರ್ಬಡೋಸ್, ಡೊಮಿನಿಕನ್ ರಿಪಬ್ಲಿಕ್, ಬ್ರಿಟಿಷ್-ಫ್ರೆಂಚ್-ಡಚ್ ದ್ವೀಪಗಳ ವಿಷಯಕ್ಕೆ ಬಂದರೆ ಅದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಸ್ಟೂಡೆಂಟ್ ಆಗಿದ್ದಾಗ ಮುಗಿದ ಸ್ಟಾಂಪಿನಲ್ಲೇ ಬಹಾಮಾಸ್‌ಗೆ ಹೋಗಿ ಬಂದವರ ಅನುಭವ ಅವರ ಮಟ್ಟಿಗೆ ನಿಜವೇ. ಎಚ್-1ಬಿಗೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ. ಹೊಂಡುರಾಸ್‌ನ ರೊಅಟಾನ್, ಬೆಲೀಜ್ ಎರಡೂ ಪಟ್ಟಿಯಲ್ಲೇ ಇಲ್ಲ.

ಬುಕ್ ಮಾಡುವಾಗ ಇದನ್ನು ಯಾರೂ ಹಿಡಿದು ಕೇಳುವುದಿಲ್ಲ ಎನ್ನುವುದೇ ಅಪಾಯ. ವೆಬ್‌ಸೈಟು ಪಾಸ್‌ಪೋರ್ಟ್ ನಂಬರ್ ಹಾಕಿಸಿಕೊಂಡು ಮುಂದೆ ಹೋಗುತ್ತದೆ. ಸ್ಟಾಂಪು ನೋಡುವುದು ಹೊರಡುವ ದಿನ, ಟರ್ಮಿನಲ್ಲಿನ ಚೆಕ್-ಇನ್ ಕೌಂಟರಿನಲ್ಲಿ. ಅಷ್ಟು ಹೊತ್ತಿಗೆ ಕ್ಯಾನ್ಸಲೇಶನ್ ದಂಡ ನೂರಕ್ಕೆ ನೂರು. ನಾಲ್ಕು ಜನರ ಪೂರ್ತಿ ಹಣ ಹೋಯಿತು, ಅಪ್ಪ-ಅಮ್ಮ ಸೂಟ್‌ಕೇಸ್ ಹಿಡಿದು ಬಂದರಿನ ಫುಟ್‌ಪಾತಿನಲ್ಲಿ ನಿಂತರು. ಕಾಗದಪತ್ರ ಸರಿಯಿಲ್ಲದೆ ಹತ್ತಲಾಗದಿದ್ದರೆ ಟ್ರಾವೆಲ್ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕಣ್ತಪ್ಪಿ ಹಡಗು ಹತ್ತಿಸಿಬಿಟ್ಟರೆ ಇನ್ನೂ ಕಷ್ಟ, ಯಾಕೆಂದರೆ ಆಗ ಪ್ರಶ್ನೆ ಕೇಳುವವರು ವಾಪಸ್ ಬಂದಾಗಿನ ಇಮಿಗ್ರೇಶನ್ ಅಧಿಕಾರಿಗಳು.

ಸ್ಟಾಂಪು ಮುಗಿದಿದ್ದು, ಹೋಗಲೇಬೇಕೆಂದಿದ್ದರೆ ಒಂದು ದಾರಿ ಇದೆ: ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಕೊಜುಮೆಲ್, ಕೋಸ್ಟಾ ಮಾಯಾ ಅಥವಾ ಪ್ರೊಗ್ರೆಸೊ ಮಾತ್ರ ಮುಟ್ಟಿ ಬರುವ ನಾಲ್ಕೈದು ರಾತ್ರಿಯ ಹಡಗು. ಮೂರೂ ಮೆಕ್ಸಿಕೊ. ಆದರೂ ಮೂರು ವಿಷಯ ನೋಡಿಕೊಳ್ಳಿ. ಹೊರಗಿದ್ದಾಗ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸೌಲಭ್ಯ ತಪ್ಪುತ್ತದೆ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ, ಆದರೆ ನಿಮ್ಮ ಸ್ಟಾಂಪು ಮುಗಿದಿದೆಯಲ್ಲ, ಆದ್ದರಿಂದ ಕ್ರೂಸ್ ಕಂಪನಿಯಿಂದ ಈ ಬಗ್ಗೆ ಈಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಮೂರನೆಯದಾಗಿ, ಗಾಳಿ ಜೋರಾಗಿ ಹಡಗು ಬೇರೆ ದೇಶದ ಬಂದರಿಗೆ ತಿರುಗಿದರೆ ಲೆಕ್ಕವೆಲ್ಲ ತಲೆಕೆಳಗು. ಕಂಪನಿಯ ಇಮಿಗ್ರೇಶನ್ ವಕೀಲರನ್ನು ಕೇಳದೆ ದುಡ್ಡು ಕಟ್ಟಬೇಡಿ.

ಅಪ್ಪ-ಅಮ್ಮನ ಬಿ-2 ಸಾಮಾನ್ಯವಾಗಿ ಹತ್ತು ವರ್ಷದ ಮಲ್ಟಿಪಲ್ ಎಂಟ್ರಿ ಇರುತ್ತದೆ, ತೊಂದರೆಯಿಲ್ಲ. ಆದರೆ ಕ್ರೂಸ್ ಮುಗಿಸಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ವಾಪಸ್ ಟಿಕೆಟ್ ಮುಂದೂಡಬೇಡಿ. ಹತ್ತಿರದ ದ್ವೀಪಗಳಿಗೆ ಹೋಗಿ ಬಂದವರಿಗೆ ಹಳೇ ಅವಧಿಯೇ ಮುಂದುವರಿಯುವುದುಂಟು. ಮನೆಗೆ ಬಂದ ದಿನವೇ ನಾಲ್ಕೂ ಜನರ ಐ-94 (ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ಪ್ರವೇಶ ದಾಖಲೆ) ಆನ್‌ಲೈನಿನಲ್ಲಿ ತೆಗೆದು ತಾರೀಕು ನೋಡಿ. ನಿಮ್ಮ ಪಾಸ್‌ಪೋರ್ಟ್ ಅವಧಿ ಎಚ್-1ಬಿಗಿಂತ ಮೊದಲೇ ಮುಗಿಯುವುದಾದರೆ ಐ-94 ಕೂಡ ಅಲ್ಲಿಗೇ ನಿಲ್ಲಬಹುದು. ಅದನ್ನು ಗಮನಿಸದೆ ಬಿಟ್ಟರೆ ನಿಮ್ಮ ಸ್ಟೇಟಸ್‌ಗೇ ಪೆಟ್ಟು.

ಇನ್ನು "ಆದಷ್ಟು ಹೆಚ್ಚು ದ್ವೀಪ". ಇದನ್ನು ನಾನು ಒಪ್ಪುವುದಿಲ್ಲ. ಬಂದರಿನ ದಿನ ಎಂದರೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೈದರವರೆಗೆ. ಇಳಿಯಲು ಸಾಲು, ಟ್ಯಾಕ್ಸಿ, ಬಿಸಿಲು, ಮತ್ತೆ ಹತ್ತಲು ಸೆಕ್ಯುರಿಟಿ ಸಾಲು. ಏಳು ರಾತ್ರಿಯಲ್ಲಿ ಐದು ಬಂದರು ಇದ್ದರೆ ಅರವತ್ತು ದಾಟಿದವರಿಗೆ ಅದು ರಜೆಯಲ್ಲ, ಡ್ಯೂಟಿ. ಭಾರತಕ್ಕೂ ಡಲ್ಲಾಸ್‌ಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅವರು ಬಂದ ಎರಡು ವಾರದೊಳಗೆ ಹಡಗು ಹತ್ತಿಸಬೇಡಿ. ಮೂರು ಬಂದರು, ಮೂರು ದಿನ ಬರೀ ಸಮುದ್ರ ಇರುವ ರೂಟು ಹುಡುಕಿ. ನನ್ನ ಪ್ರಕಾರ ಅಪ್ಪ-ಅಮ್ಮನಿಗೆ ಕ್ರೂಸಿನ ಸುಖ ಸಿಗುವುದು ಆ ಸಮುದ್ರದ ದಿನಗಳಲ್ಲೇ. ಎಲ್ಲಿಗೂ ಓಡಬೇಕಿಲ್ಲ, ಅಡುಗೆ ಮಾಡಬೇಕಿಲ್ಲ, ಮಕ್ಕಳು ಲ್ಯಾಪ್‌ಟಾಪ್ ಮುಚ್ಚಿ ಪಕ್ಕದಲ್ಲೇ ಕೂತಿರುತ್ತಾರೆ.

ಎಲ್ಲಿಂದ ಹೊರಡುವುದು? ಗ್ಯಾಲ್ವೆಸ್ಟನ್ ನಿಮಗೆ ಸುಮಾರು ಐದು ಗಂಟೆಯ ಡ್ರೈವ್, ನಾಲ್ಕು ವಿಮಾನ ಟಿಕೆಟ್ ಉಳಿಯುತ್ತದೆ. ಆದರೆ ಚಳಿಗಾಲದಲ್ಲಿ ಉತ್ತರದ ತಣ್ಣನೆ ಗಾಳಿ ಬೀಸಿದರೆ ಮೆಕ್ಸಿಕೊ ಕೊಲ್ಲಿಯಲ್ಲಿ ಹಡಗು ಓಲಾಡುತ್ತದೆ, ಮೊದಲ ಮತ್ತು ಕೊನೆಯ ದಿನ ಪೂಲ್ ಹತ್ತಿರ ಕೂರಲಾಗದಷ್ಟು ಚಳಿ ಇರಬಹುದು. ಮಂಜು ಕವಿದರೆ ಬಂದರಿನ ಚಾನೆಲ್ ಮುಚ್ಚಿ ಹಡಗು ಗಂಟೆಗಟ್ಟಲೆ ಹೊರಗೇ ಕಾಯುವುದೂ ಉಂಟು. ಮಯಾಮಿ ಅಥವಾ ಫೋರ್ಟ್ ಲಾಡರ್‌ಡೇಲ್ ಆದರೆ ಮೊದಲ ದಿನದಿಂದಲೇ ಬೆಚ್ಚಗಿರುತ್ತದೆ. ಸ್ಟಾಂಪು ಸರಿಯಿದ್ದರೆ ನಾನು ಅಲ್ಲಿಂದಲೇ ಹೋಗಿ ಎನ್ನುತ್ತೇನೆ, ಆದರೆ ಹಿಂದಿನ ದಿನವೇ ತಲುಪಿ ಒಂದು ರಾತ್ರಿ ಹೋಟೆಲಿನಲ್ಲಿರಿ. ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಚ್ಚುತ್ತದೆ, ತಡವಾದ ವಿಮಾನಕ್ಕಾಗಿ ಹಡಗು ಕಾಯುವುದಿಲ್ಲ. ಕ್ರಿಸ್‌ಮಸ್ ವಾರ ಬಿಟ್ಟು ಡಿಸೆಂಬರಿನ ಮೊದಲ ಎರಡು ವಾರ ನೋಡಿ. ಥ್ಯಾಂಕ್ಸ್‌ಗಿವಿಂಗ್ ಮುಗಿದು ಶಾಲೆಗಳು ನಡೆಯುತ್ತಿರುತ್ತವೆ, ದರ ಇಳಿದಿರುತ್ತದೆ, ನವೆಂಬರ್ 30ಕ್ಕೆ ಚಂಡಮಾರುತದ ಸೀಸನ್ ಕೂಡ ಮುಗಿದಿರುತ್ತದೆ.

ಕ್ಯಾಬಿನ್ ಹಡಗಿನ ನಡು ಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್‌ನಲ್ಲಿ ತೆಗೆದುಕೊಳ್ಳಿ. ಹಡಗಿನ ಎರಡು ಬದಿಯ ಸ್ಟೆಬಿಲೈಸರ್‌ಗಳು ಪಕ್ಕಕ್ಕೆ ಓಲಾಡುವುದನ್ನು ತಗ್ಗಿಸುತ್ತವೆ, ಮೂತಿ ಎದ್ದು ಬೀಳುವುದನ್ನು ತಡೆಯುವುದಿಲ್ಲ. ಆ ಏರಿಳಿತ ತುದಿಗಳಲ್ಲಿ ಹೆಚ್ಚು, ನಡುವೆ ಕಡಿಮೆ. ಡೆಕ್ ಪ್ಲಾನ್ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೆ-ಕೆಳಗೆ ಏನಿದೆ ನೋಡಿ. ಮೇಲೆ ಪೂಲ್ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ಮಧ್ಯರಾತ್ರಿವರೆಗೆ ಡ್ರಮ್ಮು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರಬೇಕು. ವಾಂತಿ ತಡೆಯುವ ಮಾತ್ರೆ ಮೆಕ್ಲಿಜಿನ್ ಹಡಗು ಅಲುಗಾಡುವ ಒಂದು ಗಂಟೆ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ತಲೆ ಸುತ್ತಿದ ಮೇಲೆ ನುಂಗಿದರೆ ಅಷ್ಟಕ್ಕಷ್ಟೆ. ಅದರಿಂದ ಮಂಪರು ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಊಟದ ಚಿಂತೆ ಬೇಡ, ಆದರೆ ಕೇಳಬೇಕು. ಮೊದಲ ರಾತ್ರಿ ಬಫೆಗೆ ಹೋಗದೆ ಮುಖ್ಯ ಡೈನಿಂಗ್ ರೂಮಿಗೇ ಹೋಗಿ, ಹೆಡ್ ವೇಟರ್ ಹತ್ತಿರ "ಭಾರತೀಯ ಸಸ್ಯಾಹಾರ, ಮೊಟ್ಟೆಯೂ ಇಲ್ಲ, ಏಳೂ ರಾತ್ರಿಗೆ" ಎಂದು ಸ್ಪಷ್ಟವಾಗಿ ಹೇಳಿ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಭಾರತೀಯ ಬಾಣಸಿಗರು ಇರುತ್ತಾರೆ. ಹಿಂದಿನ ದಿನ ಹೇಳಿದರೆ ಮರುದಿನ ದಾಲ್, ಪಲ್ಯ, ಚಪಾತಿ ಟೇಬಲ್ಲಿಗೆ ಬರುತ್ತದೆ. ಸಾರು-ಅನ್ನ ನಿರೀಕ್ಷಿಸಬೇಡಿ, ಉತ್ತರ ಭಾರತದ ಶೈಲಿಯೇ ಹೆಚ್ಚು. ಮನೆಯಲ್ಲಿ ಮಾಡಿದ ತಿಂಡಿ ಒಳಗೆ ಬಿಡುವುದಿಲ್ಲ, ಸೀಲ್ ಆದ ಪ್ಯಾಕೆಟ್ ಬಿಡುತ್ತಾರೆ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಬ್ಯಾಗಿನ ಸ್ಕ್ಯಾನಿಂಗಿನಲ್ಲೇ ಸಿಕ್ಕಿಬೀಳುತ್ತವೆ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಎಂಟಿಆರ್‌ನ ಬಿಸಿನೀರು ಹಾಕುವ ಉಪ್ಪಿಟ್ಟಿನ ಕಪ್, ಇನ್‌ಸ್ಟಂಟ್ ಕಾಫಿ ಸ್ಯಾಶೆ ತೆಗೆದುಕೊಂಡು ಹೋಗಿ. ಬಫೆಯ ಮೆಷಿನ್‌ನಲ್ಲಿ ಬಿಸಿನೀರು ಹಗಲೂ ರಾತ್ರಿ ಸಿಗುತ್ತದೆ, ಬಿಸಿ ಹಾಲು ಕೇಳಿದರೆ ಕೊಡುತ್ತಾರೆ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದೇ ಮುಂದಿನ ಕೆಲಸ ಎನ್ನುವ ಹಿರಿಯರಿಗೆ ಇದೊಂದಿದ್ದರೆ ಹಡಗು ಮನೆಯಾಗುತ್ತದೆ. ಊಟಕ್ಕೆ ಮುಂಚೆ ಕೈಯನ್ನು ಸೋಪು ಹಾಕಿಯೇ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲುವುದಿಲ್ಲ.

ಡ್ರಿಂಕ್ಸ್ ಪ್ಯಾಕೇಜ್ ಬೇಡ. ಅನೇಕ ಕಂಪನಿಗಳಲ್ಲಿ ಒಂದು ಕ್ಯಾಬಿನ್ನಿನ ಒಬ್ಬರು ಆಲ್ಕೊಹಾಲ್ ಪ್ಯಾಕೇಜ್ ಕೊಂಡರೆ ಆ ಕ್ಯಾಬಿನ್ನಿನ ವಯಸ್ಕರೆಲ್ಲ ಕೊಳ್ಳಲೇಬೇಕು. ನೀರು, ಚಹಾ, ಮಾಮೂಲಿ ಕಾಫಿ, ನಿಂಬೆ ಪಾನಕ ಬಫೆಯಲ್ಲಿ ಪುಕ್ಕಟೆ. ಆ ದುಡ್ಡನ್ನು ಗ್ರಾಚ್ಯುಟಿಗೆ, ಅಂದರೆ ಸಿಬ್ಬಂದಿಯ ಟಿಪ್ಸ್‌ಗೆ ಎತ್ತಿಡಿ. ದಿನಕ್ಕೆ ಒಬ್ಬರಿಗೆ 18 ಡಾಲರ್ ಎಂದು ಹಿಡಿದರೂ ನಾಲ್ವರಿಗೆ ಏಳು ದಿನಕ್ಕೆ 504 ಡಾಲರ್ ಆಗುತ್ತದೆ, ಟಿಕೆಟ್ ದರದಲ್ಲಿ ಅದು ಸೇರಿರುವುದಿಲ್ಲ. ಹಗಲೆಲ್ಲ ದುಡಿಯುವ ಕ್ಯಾಬಿನ್ ಹುಡುಗರಿಗೆ ಹೋಗುವ ಹಣ ಅದು, ಕಡಿತ ಮಾಡಿಸಬೇಡಿ.

ಬಂದರುಗಳಲ್ಲಿ ಹೋಗುವ ದೂರ ಕಡಿಮೆ ಇರಲಿ. ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಹಡಗಿನಿಂದಿಳಿದು ನಡೆದೇ ಹಳೇ ಊರಿಗೆ ಹೋಗಬಹುದು, ಸಾನ್ ಕ್ರಿಸ್ಟೊಬಲ್ ಮತ್ತು ಎಲ್ ಮೊರ್ರೊ ಎಂಬ ಸ್ಪ್ಯಾನಿಷ್ ಕೋಟೆಗಳಿವೆ. ಅಲ್ಲಿನ ಬೀದಿಗಳಿಗೆ ಹಾಸಿರುವ ನೀಲಿ ಛಾಯೆಯ ಕಲ್ಲುಗಳು ಸವೆದು ನುಣುಪಾಗಿವೆ, ಒಂದು ಹನಿ ಮಳೆ ಬಿದ್ದರೂ ಜಾರುತ್ತವೆ. ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಸಾನ್ ಹ್ವಾನ್, ಸೇಂಟ್ ಥಾಮಸ್ ಎರಡೂ ಅಮೆರಿಕದ ನೆಲವಾದ್ದರಿಂದ ಬೇರೆ ದೇಶದ ಪಾಸ್‌ಪೋರ್ಟ್ ಇರುವವರನ್ನು ಇಮಿಗ್ರೇಶನ್ ತಪಾಸಣೆಗೆ ಮೊದಲೇ ಕರೆಯಬಹುದು, ಹಡಗಿನ ಅನೌನ್ಸ್‌ಮೆಂಟ್ ಕೇಳಿಸಿಕೊಳ್ಳಿ. ಸಿಂಟ್ ಮಾರ್ಟೆನ್‌ನಲ್ಲಿ ತಲೆಯ ಮೇಲೆಯೇ ವಿಮಾನ ಇಳಿಯುವ ಮಾಹೊ ಬೀಚಿಗೆ ಎಲ್ಲರೂ ಓಡುತ್ತಾರೆ. ದಾರಿಯಲ್ಲಿ ಸಿಂಪ್ಸನ್ ಬೇ ಸೇತುವೆಯನ್ನು ದೋಣಿಗಳಿಗಾಗಿ ಎತ್ತಿದರೆ ಟ್ರಾಫಿಕ್ ಪೂರ್ತಿ ನಿಂತುಬಿಡುತ್ತದೆ. ವಾಪಸ್ ಬರಲು ಎರಡು ಗಂಟೆ ಇಟ್ಟುಕೊಳ್ಳಿ. ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ದೂರ ನಿಂತು ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ, ಮಂಡಿ ನೋವಿನವರಿಗೆ ಆ ಓಲಾಡುವ ಹೆಜ್ಜೆ ಕಷ್ಟ. ಹೋದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನುಗಳು ಸೇರುವ ಸ್ಟಿಂಗ್‌ರೇ ಸಿಟಿಯಲ್ಲಿ ಮರಳು ದಿಬ್ಬದ ಮೇಲೆ ಎದೆ ಮಟ್ಟದ ನೀರು, ಈಜು ಬೇಕಿಲ್ಲ. ಕಾಲು ಎತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆದರೆ ಮೀನುಗಳು ತಾವೇ ಸರಿಯುತ್ತವೆ. ಕೊಜುಮೆಲ್‌ನಿಂದ ಮಾಯಾ ನಾಗರಿಕತೆಯ ಅವಶೇಷಗಳಿರುವ ಚಿಚೆನ್ ಇಟ್ಜಾಗೆ ಮಾತ್ರ ಹೋಗಬೇಡಿ. ಫೆರ್ರಿ ದಾಟಿ, ಆಮೇಲೆ ಎರಡು ಗಂಟೆಗೂ ಮೀರಿದ ಬಸ್ಸು, ಮತ್ತೆ ಅಷ್ಟೇ ವಾಪಸ್.

ಫೋನಿನ ಗಡಿಯಾರ ನಂಬಬೇಡಿ. ಡಿಸೆಂಬರಿನಲ್ಲಿ ಮಯಾಮಿ ಟೈಮಿನಲ್ಲೇ ಇರುವ ಹಡಗು ರೊಅಟಾನ್ ಮುಟ್ಟಿದರೆ ಅಲ್ಲಿನ ಸಮಯ ಒಂದು ಗಂಟೆ ಹಿಂದೆ. ಫೋನ್ ತಾನೇ ಬದಲಾಗಿ ಮೂರು ಎಂದು ತೋರಿಸುವಾಗ ಹಡಗಿನಲ್ಲಿ ನಾಲ್ಕು. ಒಂದು ಕೈಗಡಿಯಾರಕ್ಕೆ ಹಡಗಿನ ಸಮಯ ಇಟ್ಟು ಅಪ್ಪನಿಗೆ ಕಟ್ಟಿ, ಬಂದರಿನಲ್ಲಿ ಅದನ್ನೇ ನೋಡಿ. ಮಿಲಿಟರಿ ಕಾಮೊಫ್ಲಾಜ್ ಬಟ್ಟೆ ಬಾರ್ಬಡೋಸ್, ಜಮೈಕಾದಂಥ ಕಡೆ ಕಾನೂನುಬಾಹಿರ. ಸೇಂಟ್ ಥಾಮಸ್‌ನಲ್ಲಿ ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನಿಗೆ 2020ರಿಂದ ನಿಷೇಧ, ಜಿಂಕ್ ಆಕ್ಸೈಡಿನದು ಕೊಳ್ಳಿ.

ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ಹೊರಗೆ ನಡೆಯುತ್ತದೆಯೇ, ಎಷ್ಟು ದಿನ, ಮೊದಲಿಂದ ಇರುವ ಬಿಪಿ-ಸಕ್ಕರೆ ಕಾಯಿಲೆಗೆ ಏನು ಷರತ್ತು, ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದರೆ ಎಷ್ಟು ಕೊಡುತ್ತಾರೆ, ಈ ನಾಲ್ಕು ಪ್ರಶ್ನೆಗೂ ಉತ್ತರ ಬರಹದಲ್ಲಿರಲಿ. ಆ ಸಾಗಾಟಕ್ಕೆ ಹತ್ತಾರು ಸಾವಿರ ಡಾಲರ್ ಆಗಬಹುದು. ಹತ್ತುವ ದಿನ ದೊಡ್ಡ ಸೂಟ್‌ಕೇಸುಗಳು ಕ್ಯಾಬಿನ್ನಿಗೆ ಬರಲು ಸಂಜೆಯಾಗುತ್ತದೆ, ಆದ್ದರಿಂದ ಪಾಸ್‌ಪೋರ್ಟ್, ಐ-797, ಇಡೀ ವಾರದ ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಳಿಯುವ ದಿನ ಮಯಾಮಿಯಿಂದ ಮಧ್ಯಾಹ್ನ ಹನ್ನೆರಡರ ನಂತರದ ವಿಮಾನ ಬುಕ್ ಮಾಡಿ, ಇಮಿಗ್ರೇಶನ್ ಸಾಲು ಎಷ್ಟು ಉದ್ದ ಇದ್ದರೂ ಅಪ್ಪ-ಅಮ್ಮನನ್ನು ಓಡಿಸಬೇಕಾಗುವುದಿಲ್ಲ.