ಕೇಳಿ–ಹೇಳಿ: ಚಿತ್ರ ಗೋಡೆಗೆ ಏರುವ ಮುನ್ನ

ಪ್ರಶ್ನೆ: ನಮ್ಮ ಓಣಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿದ್ದಾರೆ. ಅವರು ಬರೆದ ಇನ್ನೂರರಷ್ಟು ಜಲವರ್ಣ ಚಿತ್ರಗಳು ಟ್ರಂಕಿನಲ್ಲೇ ಉಳಿದು ಬೂಷ್ಟು ಹಿಡಿದಿವೆ. ದೀಪಾವಳಿ ಕಳೆದ ಮೇಲೆ ಸಮುದಾಯ ಭವನದಲ್ಲಿ ಎರಡು ದಿನ ಪ್ರದರ್ಶನ ಇಡೋಣ ಅಂತ ಹುಡುಗರೆಲ್ಲ ಸೇರಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಧಾರವಾಡ

ಉತ್ತರ: ಟ್ರಂಕಿನಿಂದ. ಹಾಲ್ ಗೊತ್ತುಮಾಡುವುದು, ಬ್ಯಾನರ್ ಬರೆಸುವುದು ಎಲ್ಲ ಆಮೇಲೆ. ಚಿತ್ರಗಳನ್ನು ಹೊರತೆಗೆದು, ನೆರಳಿದ್ದು ಗಾಳಿಯಾಡುವ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಬಿಡಿಬಿಡಿಯಾಗಿ ಮೂರು ದಿನ ಹರಡಿ. ಕೆಳಗೆ ಪೇಪರ್ ಹಾಸಬೇಡಿ, ಅಚ್ಚಿನ ಮಸಿ ಹತ್ತುತ್ತದೆ. ಬಿಸಿಲಿಗೆ ಇಟ್ಟರೆ ಕಾಗದ ಸೊಟ್ಟಗಾಗುತ್ತದೆ, ಬಣ್ಣವೂ ಮಾಸುತ್ತದೆ. ಬೂಷ್ಟು ಹಸಿ ಇರುವಾಗ ತಿಕ್ಕಿದರೆ ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ಕೂತುಬಿಡುತ್ತದೆ. ಅದು ಒಣಗಿ ಪುಡಿಯಾದ ಮೇಲೆ, ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಮೆತ್ತನೆಯ ಒಣ ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ಸರಿಸಿ. ಒದ್ದೆ ಬಟ್ಟೆ ಬೇಡವೇ ಬೇಡ. ಜಲವರ್ಣ ನೀರು ಕಂಡರೆ ಮತ್ತೆ ಕರಗುತ್ತದೆ. ಕಂದು ಚುಕ್ಕೆ ಉಳಿದರೆ ಉಳಿಯಲಿ. ಒಂದಕ್ಕೊಂದು ಅಂಟಿದ ಹಾಳೆಗಳನ್ನು ಎಳೆಯದೆ ಬದಿಗಿಡಿ, ಅವು ಸಂರಕ್ಷಣೆ ಬಲ್ಲವರ ಕೈಗೆ ಹೋಗಬೇಕಾದವು.

ಪ್ರತಿ ಚಿತ್ರದ ಹಿಂಬದಿಯ ಅಂಚಿಗೆ 2ಬಿ ಪೆನ್ಸಿಲ್‌ನಿಂದ ಸಂಖ್ಯೆ ಹಾಕಿ. ಬಾಲ್‌ಪೆನ್ ಒತ್ತಿದರೆ ಗುರುತು ಮುಂದೆ ಮೂಡುತ್ತದೆ. ಒಂದು ವಹಿಯಲ್ಲಿ ಅಳತೆ, ಮಾಧ್ಯಮ, ವರ್ಷ, ಹಿಂದೆ ಬರೆದದ್ದೇನಾದರೂ ಇದ್ದರೆ ಅದನ್ನೂ ಇದ್ದ ಹಾಗೇ ಇಳಿಸಿಕೊಳ್ಳಿ.

ಇನ್ನೂರನ್ನೂ ತೂಗುಹಾಕುವ ಆಸೆ ಬಿಡಿ. 15×22 ಇಂಚಿನ ಅಡ್ಡ ಚಿತ್ರಕ್ಕೆ ಮೌಂಟ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು), ಫ್ರೇಮ್ ಸೇರಿದರೆ ಅಗಲ 30 ಇಂಚು ಆಗುತ್ತದೆ. ನಡುವೆ 9 ಇಂಚು ಜಾಗ ಬಿಟ್ಟರೆ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಗೋಡೆ ಬೇಕು. ಮೂವತ್ತು ಮೀಟರ್ ಗೋಡೆ ಇದ್ದರೆ ಮೂವತ್ತೇ ಚಿತ್ರ.

ಇನ್ನು ಮಾಸ್ತರರ ಬದುಕಿನ ಫಲಕ. "ನಿಮಗೆ ಪ್ರೇರಣೆ ಏನು?" ಎಂದು ಕೇಳಿದರೆ "ನಿಸರ್ಗ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಒಂದೊಂದೇ ಚಿತ್ರ ಕೈಗೆ ಕೊಟ್ಟು ಕೇಳಿ: ಎಲ್ಲಿ ಕೂತು ತೆಗೆದಿರಿ, ಎಷ್ಟು ಹೊತ್ತಿಗೆ, ಕಾಗದ ಎಲ್ಲಿ ಕೊಂಡಿರಿ, ಕಲಿಸಿದವರು ಯಾರು. ಗುರುವಿನ ಹೆಸರು ಕೇಳಲು ಮರೆಯಬೇಡಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾಶಾಲೆ, ಗದಗಿನ ವಿಜಯ ಕಲಾ ಮಂದಿರ, ಇಂಥ ಕಡೆ ಕಲಿತವರ ಕೈಯಲ್ಲಿ ಆ ಶಾಲೆಯ ರೂಢಿ ಉಳಿದಿರುತ್ತದೆ. ನೋಡುಗರಿಗೆ ಅದನ್ನು ಚಿತ್ರದಲ್ಲೇ ತೋರಿಸಬಹುದು. ಫಲಕ 150 ಪದ ದಾಟದಿರಲಿ, ಅಕ್ಷರ 28 ಪಾಯಿಂಟ್‌ಗಿಂತ ಸಣ್ಣದಾಗದಿರಲಿ. ನೋಡಲು ಬರುವವರಲ್ಲಿ ಅರ್ಧ ಜನ ಮಾಸ್ತರರ ವಯಸ್ಸಿನವರೇ.

ಪ್ರಶ್ನೆ: ಗಾಜು ಹಾಕಿಸಿದ ಜಲವರ್ಣ ಚಿತ್ರ ಒಂದೇ ಮಳೆಗಾಲಕ್ಕೆ ಅಲೆಅಲೆಯಾಗಿ ಎದ್ದಿದೆ. ಒಂದು ಮೂಲೆ ಗಾಜಿಗೆ ಅಂಟಿದೆ. ಫ್ರೇಮಿನವರು ಕಾಗದದ ದೋಷ ಎನ್ನುತ್ತಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ಕಾಗದದ್ದಲ್ಲ, ಅಂಟಿಸಿದ ರೀತಿಯದು. ತೇವ ಬಂದಾಗ ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾಲ್ಕೂ ಅಂಚಿಗೆ ಅಂಟು ಹಾಕಿದ್ದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಮೇಲಿನ ಅಂಚಿಗೆ ಮಾತ್ರ ಎರಡು ಸಣ್ಣ ಪಟ್ಟಿ ಹಚ್ಚಿಸಿ ಚಿತ್ರ ಜೋತುಬಿಡಬೇಕು. ಪಟ್ಟಿಗೆ ತೆಳು ಟಿಶ್ಯೂ ಕಾಗದ, ಅಂಟಿಗೆ ಗೋಧಿ ಪಿಷ್ಟದ ಗಂಜಿಯಂಥ ಸರಿ. ಸೆಲೋಟೇಪ್ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ.

ಚಿತ್ರಕ್ಕೂ ಗಾಜಿಗೂ ಮುಟ್ಟದಂತೆ ಮೌಂಟ್ ಇರಲೇಬೇಕು: ಮೂರು ಬದಿಗೆ 3 ಇಂಚು, ಕೆಳಗೆ ಅರ್ಧ ಇಂಚು ಹೆಚ್ಚು. ಆಮ್ಲರಹಿತ ಬೋರ್ಡನ್ನೇ ಕೇಳಿ. ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ಎರಡು ಕಾರ್ಕ್ ಚೂರು ಅಂಟಿಸಿದರೆ ಗೋಡೆಯ ಥಂಡಿ ನೇರ ತಾಗುವುದಿಲ್ಲ. ಎರಡು ರೂಪಾಯಿಯ ಕೆಲಸ, ಯಾರೂ ಮಾಡುವುದಿಲ್ಲ. ಅಂಟಿದ ಮೂಲೆಯನ್ನು ಕೈಯಿಂದ ಕಿತ್ತರೆ ಬಣ್ಣ ಗಾಜಿನ ಮೇಲೇ ಉಳಿಯುತ್ತದೆ, ಹಾಗೇ ಬಿಡಿ.

ಪ್ರಶ್ನೆ: ಹಾಲಿನವರು ಮೊಳೆ ಹೊಡೆಯಲು ಬಿಡುವುದಿಲ್ಲ. ಚಿತ್ರ ಎಷ್ಟು ಎತ್ತರಕ್ಕೆ ತೂಗಬೇಕು ಎನ್ನುವುದರಲ್ಲೂ ನಮ್ಮಲ್ಲಿ ಜಗಳ.
— ಓದುಗರು, ರಾಣೆಬೆನ್ನೂರು

ಉತ್ತರ: ಶಾಮಿಯಾನಾದವರ ಬಳಿ ಕಬ್ಬಿಣದ ಪೈಪಿನ ಚೌಕಟ್ಟು ಸಿಗುತ್ತದೆ. ಅದಕ್ಕೆ ಗೋಣಿತಟ್ಟು ಬಿಗಿದು, ಮೇಲಿನ ಪೈಪಿನಿಂದ ತಂತಿ ಇಳಿಬಿಡಿ. ನೈಲಾನ್ ಹಗ್ಗ ಬೇಡ, ಭಾರಕ್ಕೆ ಹಿಗ್ಗಿ ಸಂಜೆಯೊಳಗೆ ಚಿತ್ರಗಳು ಮೇಲೆ ಕೆಳಗೆ ಆಗುತ್ತವೆ. 24×36 ಇಂಚಿಗೆ 2 ಮಿ.ಮೀ. ಗಾಜೇ ಸುಮಾರು 2.8 ಕಿಲೊ ತೂಗುತ್ತದೆ, ಫ್ರೇಮ್ ಬೇರೆ.

ಎತ್ತರಕ್ಕೆ ಲೆಕ್ಕ ಇದೆ. ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿಗೆ ಬರಬೇಕು. ಫ್ರೇಮ್ 24 ಇಂಚು ಎತ್ತರ ಇದ್ದು, ಹಿಂದಿನ ತಂತಿಯನ್ನು ಎಳೆದಾಗ ಮೇಲಂಚಿನಿಂದ 3 ಇಂಚು ಕೆಳಗೆ ನಿಂತರೆ 57+12−3, ಅಂದರೆ ಕೊಕ್ಕೆ 66 ಇಂಚಿಗೆ. ಎಲ್ಲ ಚಿತ್ರಗಳ ನಡುಮಧ್ಯ ಒಂದೇ ಗೆರೆಗೆ ಬಂದರೆ ಅಳತೆ ಬೇರೆ ಬೇರೆ ಇದ್ದರೂ ಕಣ್ಣಿಗೆ ಒಪ್ಪುತ್ತದೆ. ಜಗಳ ಬಿಟ್ಟು ಟೇಪ್ ಹಿಡಿಯಿರಿ.

ಪ್ರಶ್ನೆ: ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ, ಹಳ್ಳಿ ಬದುಕಿನ ಸಿಮೆಂಟ್ ಮೂರ್ತಿಗಳಿರುವ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿ ಬಂದು, ನಮ್ಮೂರ ಶಾಲೆಯ ಅಂಗಳದಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಗಳ ಸಿಮೆಂಟ್ ಮೂರ್ತಿ ಮಾಡಿದೆವು. ವರ್ಷದೊಳಗೆ ಮೊಣಕೈ ಸೀಳಿ ಕಂದು ನೀರು ಇಳಿಯುತ್ತಿದೆ. ಬಣ್ಣವೂ ಏಳುತ್ತಿದೆ.
— ಓದುಗರು, ಶಿಗ್ಗಾಂವಿ

ಉತ್ತರ: ಒಳಗಿನ ಸರಳು ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದೇ ಒಳಗಿಂದ ಸಿಮೆಂಟನ್ನು ಒಡೆಯುತ್ತದೆ. ಮೊಣಕೈ, ಬೆರಳು ಸಪೂರ ಕಾಣಲಿ ಎಂದು ಸರಳಿನ ಮೇಲೆ ಅರ್ಧ ಇಂಚೂ ಗಾರೆ ಇಡದಿದ್ದರೆ ಹೀಗಾಗುತ್ತದೆ. ಆ ಭಾಗವನ್ನು ಸರಳು ಕಾಣುವವರೆಗೆ ಕೆತ್ತಿ, ತಂತಿ ಬ್ರಷ್‌ನಿಂದ ಹೊಳಪು ಬರುವಷ್ಟು ಉಜ್ಜಿ, ತುಕ್ಕು ನಿರೋಧಕ ಪ್ರೈಮರ್ ಹಚ್ಚಿ. ಹಳೆಯ ಅಂಚಿಗೆ ಲೇಟೆಕ್ಸ್ ಬೆರೆಸಿದ ಸಿಮೆಂಟ್ ತಿಳಿ ಬಳಿದು, ಅದು ಒಣಗುವ ಮೊದಲೇ ಹೊಸ ಗಾರೆ ತುಂಬಿ.

ಮುಂದಿನ ಮೂರ್ತಿಗೆ ಮೈಗೆ 8 ಮಿ.ಮೀ., ಕೈಗೆ 6 ಮಿ.ಮೀ. ಸರಳು, ಮೇಲೆ ಎರಡು ಸುತ್ತು ಕೋಳಿ ಜಾಳಿಗೆ. ಗಾರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು. ನೀರು ಎಷ್ಟು? ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸುರಿಯಬಾರದು. ಒಂದು ಸಲಕ್ಕೆ 10–12 ಮಿ.ಮೀ. ಸಾಕು, ಮೈ ಗೀಚಿಟ್ಟು ಮರುದಿನ ಇನ್ನೊಂದು ಪದರ. ಎಲ್ಲ ಸೇರಿ ಸರಳಿನ ಮೇಲೆ 20 ಮಿ.ಮೀ. ಆದರೂ ಇರಲಿ. ಮೇಲೆ ಒದ್ದೆ ಗೋಣಿಚೀಲ ಕನಿಷ್ಠ ಏಳು ದಿನ ಹೊದಿಸಿಡಿ, ಬೇಸಿಗೆಯಲ್ಲಿ ಹತ್ತು. ಬಣ್ಣ ಎದ್ದದ್ದು ಅವಸರದಿಂದ ಇರಬೇಕು: ಹಸಿ ಸಿಮೆಂಟಿನ ಕ್ಷಾರ ಎಣ್ಣೆ ಬಣ್ಣವನ್ನು ತಿನ್ನುತ್ತದೆ. 28 ದಿನ ಕಾದು, ಹೊರಗೋಡೆಯ ಪ್ರೈಮರ್ ಮೇಲೆ ಅಕ್ರಿಲಿಕ್ ಹಚ್ಚಿ.

ಪ್ರಶ್ನೆ: ಒಬ್ಬರು ದುಡ್ಡು ಕೊಟ್ಟು ತಮ್ಮ ತಂದೆಯ ಭಾವಚಿತ್ರ ಬರೆಸಿಕೊಂಡು, ನನ್ನನ್ನು ಕೇಳದೆ ಕ್ಯಾಲೆಂಡರಿಗೆ ಅಚ್ಚು ಹಾಕಿಸಿದ್ದಾರೆ. ಇದು ಸರಿಯೇ? ಬೆಲೆ ಕಟ್ಟುವುದು ಹೇಗೆ?
— ಓದುಗರು, ಗದಗ

ಉತ್ತರ: ಕಾನೂನು ಅವರ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು ಬರೆಸಿದವರದು. ಆದರೆ ಚಿತ್ರಕಾರ ತಾನೇ ಎಂದು ಹೇಳಿಕೊಳ್ಳುವ ಹಕ್ಕು ನಿಮ್ಮ ಬಳಿಯೇ ಇರುತ್ತದೆ, ಹೆಸರು ಹಾಕಿಸಿ ಎಂದು ಕೇಳಬಹುದು. ನೀವಾಗಿಯೇ ಬರೆದು ಪ್ರದರ್ಶನದಲ್ಲಿ ಮಾರಿದ ಚಿತ್ರದ ಮಾತು ಬೇರೆ. ಕೊಂಡವರಿಗೆ ಹೋಗುವುದು ಆ ಹಾಳೆ ಮಾತ್ರ, ಅಚ್ಚು ಹಾಕುವ ಹಕ್ಕು ನಿಮ್ಮದೇ. ಮುಂದೆ ಮುಂಗಡ ಪಡೆಯುವಾಗಲೇ "ಕೃತಿಸ್ವಾಮ್ಯ ಚಿತ್ರಕಾರನದು" ಎಂದು ಬರೆದು ಇಬ್ಬರೂ ಸಹಿ ಹಾಕಿ.

ಬೆಲೆಗೆ ಚದರ ಇಂಚಿನ ಲೆಕ್ಕ ಹಿಡಿಯಿರಿ. 15×22 ಎಂದರೆ 330 ಚದರ ಇಂಚು. ಇಂಚಿಗೆ 20 ರೂಪಾಯಿ ಹಿಡಿದರೆ 6,600, ಫ್ರೇಮಿನ ಖರ್ಚು ಬೇರೆ. ಪ್ರದರ್ಶನದಲ್ಲಿ ಒಂದು ಬೆಲೆ ಹೇಳಿ ಮನೆಗೆ ಬಂದವರಿಗೆ ಅರ್ಧಕ್ಕೆ ಕೊಟ್ಟರೆ, ಮುಂದಿನ ಸಲ ಎಲ್ಲರೂ ಮನೆಗೇ ಬರುತ್ತಾರೆ.