ಎಲ್ಲ ಜಾನುವಾರುಗಳಿಗೂ ಮೂರು ತಿಂಗಳಿಗೊಮ್ಮೆ ಒಂದೇ ಜಂತಿನ ಗುಳಿಗೆ ಕೊಡಬಹುದೇ?

ಬದಿಯಡ್ಕದ ಕಡೆ ಎರಡು ಗಿಡ್ಡ ಹಸು, ಒಂದು ಜರ್ಸಿ ಮಿಶ್ರತಳಿ, ಕೆಲವು ಆಡುಗಳನ್ನು ಸಾಕಿರುವ ನೀವು, ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಫೆನ್‌ಬೆಂಡಜೋಲ್ ಗುಳಿಗೆ ಹಾಕುತ್ತಿದ್ದರೂ ಮಳೆಗಾಲ ಕಳೆದ ಮೇಲೆ ಮಿಶ್ರತಳಿಯ ಹಸು ಸೊರಗುತ್ತಿರುವುದೇಕೆ ಎಂದೂ, ಹೊಸದಾಗಿ ತಂದ ಕುದುರೆಗೂ ಅದೇ ಗುಳಿಗೆ ಆಗುತ್ತದೆಯೇ ಎಂದೂ ಕೇಳಿದ್ದೀರಿ. ಪೆರ್ಲದ ಬಳಿ ಹಟ್ಟಿ ನಡೆಸುವ ನನ್ನ ಅಭಿಪ್ರಾಯದಲ್ಲಿ ನೀವು ಬದಲಿಸಬೇಕಾದುದು ಗುಳಿಗೆಯ ಕಂಪನಿಯನ್ನಲ್ಲ, ಯಾವ ಹುಳುವಿದೆ ಎಂದು ತಿಳಿಯದೆ ಔಷಧಿ ಹಾಕುವ ಕ್ರಮವನ್ನು.

ನಮ್ಮ ಬೈಲುಗಳಲ್ಲಿ ಮೊದಲು ಸಂಶಯಿಸಬೇಕಾದುದು ಯಕೃತ್ತಿನ ಚಪ್ಪಟೆ ಹುಳುವನ್ನು, ಎಂದರೆ ಲಿವರ್ ಫ್ಲೂಕನ್ನು. ಸೆಗಣಿಯೊಂದಿಗೆ ಹೊರಬಿದ್ದ ಇದರ ಮೊಟ್ಟೆ ನೀರಿನಲ್ಲಿ ಒಡೆದು, ಹೊರಬಂದ ಮರಿಯು ಬಸವನಹುಳುವಿನ ದೇಹವನ್ನು ಹೊಕ್ಕು ಅಲ್ಲಿ ಹಲವು ಪಟ್ಟು ಹೆಚ್ಚಿ, ಮತ್ತೆ ಹೊರಬಂದು ನೀರಂಚಿನ ಹುಲ್ಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶವಾಗಿ ಅಂಟಿಕೊಳ್ಳುತ್ತದೆ. ಏಣೆಲು, ಎಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲಾಗಿ ನೀರಿಳಿದ ಗದ್ದೆಗೆ ದನ ಬಿಟ್ಟಾಗ, ಅಥವಾ ತೋಡಿನ ಬದಿಯ ಹುಲ್ಲನ್ನು ಬುಡದಿಂದ ಕೊಯ್ದು ಹಟ್ಟಿಗೆ ತಂದಾಗ, ಆ ಕೋಶಗಳೂ ಹೊಟ್ಟೆ ಸೇರುತ್ತವೆ. ಫೆನ್‌ಬೆಂಡಜೋಲ್ ದನಗಳಿಗೆ ಕೊಡುವ ಸಾಮಾನ್ಯ ಪ್ರಮಾಣದಲ್ಲಿ ಈ ಹುಳುವನ್ನು ಮುಟ್ಟುವುದಿಲ್ಲ. ಐವರ್‌ಮೆಕ್ಟಿನ್ ಚುಚ್ಚಿಸಿದರೆ ಸಕಲವೂ ಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಸಂಶೋಧನೆಯಿಂದ ಬಂದ ಔಷಧಿ ಅದಾದರೂ ಚಪ್ಪಟೆ ಹುಳು, ಲಾಡಿಹುಳುಗಳ ಮೇಲೆ ಅದಕ್ಕೆ ಬಲವಿಲ್ಲ. ಆಲ್ಬೆಂಡಜೋಲ್ ಹೆಚ್ಚಿನ ಪ್ರಮಾಣದಲ್ಲಿ ಬೆಳೆದ ಫ್ಲೂಕನ್ನು ಮಾತ್ರ ಕೊಲ್ಲುತ್ತದೆ, ಬೆಳೆಯುವುದಕ್ಕೋ ಹುಳುವಿಗೆ ಸುಮಾರು ಮೂರು ತಿಂಗಳು ಬೇಕು. ಫ್ಲೂಕಿಗೆ ಕೊಡುವ ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್ ಎಂಬ ಔಷಧಿಗಳಲ್ಲಿ ಯಾವುದು ಬೇಕು, ಹಾಲು ಕೊಡುವ ಹಸುವಿಗೆ ಯಾವುದು ಸಲ್ಲದು, ಹಾಲನ್ನು ಎಷ್ಟು ದಿನ ಬಳಸಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಆದ್ದರಿಂದ ಮೃಗಾಸ್ಪತ್ರೆಗೆ ಸೆಗಣಿ ಕೊಂಡೊಯ್ಯಿರಿ. ನೆಲಕ್ಕೆ ಬಿದ್ದು ಹಳತಾದುದು ಬೇಡ. ಹೊಸ ಸೆಗಣಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಂಪಾಗಿಟ್ಟು, ಅದೇ ದಿನ ತಲುಪಿಸಿ. ಫ್ಲೂಕಿನ ಸಂಶಯವಿದೆ ಎಂದು ಬಾಯಿಬಿಟ್ಟು ಹೇಳುವುದು ಮುಖ್ಯ, ಏಕೆಂದರೆ ಅದರ ಮೊಟ್ಟೆ ಭಾರವಾದುದು; ಮೊಟ್ಟೆಗಳನ್ನು ತೇಲಿಸಿ ನೋಡುವ ವಿಧಾನದಲ್ಲಿ ಅದು ತಪ್ಪಿಹೋಗುತ್ತದೆ, ತಳಕ್ಕೆ ಇಳಿಸಿ ನೋಡಬೇಕಾಗುತ್ತದೆ. ಮೊಟ್ಟೆ ಕಾಣದಿದ್ದರೂ ಹಸು ನೀರಿನಂತೆ ಬೇಧಿ ಮಾಡುತ್ತಿದ್ದರೆ, ದವಡೆಯ ಅಡಿಯಲ್ಲಿ ನೀರು ತುಂಬಿ ಜೋತುಬಿದ್ದಿದ್ದರೆ ಸುಮ್ಮನಿರಬಾರದು. ಇನ್ನೂ ಮೊಟ್ಟೆಯಿಡದ ಎಳೆಯ ಹುಳುಗಳೇ ಕೆಲವೊಮ್ಮೆ ಅತಿ ಹೆಚ್ಚು ಹಾನಿ ಮಾಡುತ್ತವೆ.

ಪ್ರಮಾಣದ ವಿಷಯದಲ್ಲೂ ನಿಮ್ಮ ಹಟ್ಟಿಗೆ ತೊಡಕಿದೆ. ಫೆನ್‌ಬೆಂಡಜೋಲನ್ನು ದನಗಳಿಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರಾದ್ದರಿಂದ 1.5 ಗ್ರಾಂ ಔಷಧಿಯುಳ್ಳ ಒಂದು ಗುಳಿಗೆ 300 ಕಿಲೋದ ದನಕ್ಕೆ ಸರಿ. ಗಿಡ್ಡ ಹಸು ಹೆಚ್ಚಾಗಿ ಅದರ ಅರ್ಧದಷ್ಟಿರುತ್ತದೆ, ಮಿಶ್ರತಳಿಯದು 300 ಕಿಲೋವನ್ನು ಮೀರಿಯೂ ಇರಬಹುದು. ಕಡಿಮೆ ಪ್ರಮಾಣ ಕೊಟ್ಟಾಗ ಔಷಧಿಯನ್ನು ತಾಳಿಕೊಳ್ಳುವ ಹುಳುಗಳಷ್ಟೇ ಉಳಿದು ಸಂತತಿ ಬೆಳೆಸುತ್ತವೆ. ತಕ್ಕಡಿ ಇಲ್ಲದಿದ್ದರೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಅಂದಾಜಾಗಿ ಸಿಗುತ್ತದೆ. ಗಬ್ಬದ ಆರಂಭದಲ್ಲಿ ಆಲ್ಬೆಂಡಜೋಲ್ ಕೊಡಬಾರದು ಎಂಬುದೂ ನೆನಪಿರಲಿ.

ಆಡುಗಳನ್ನು ದನದ ಲೆಕ್ಕಕ್ಕೆ ಸೇರಿಸಬೇಡಿ. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಗುಂಪಿನ ಔಷಧಿಗಳನ್ನು ಆಡಿನ ದೇಹ ಬೇಗ ಕರಗಿಸಿಬಿಡುವುದರಿಂದ ಅವಕ್ಕೆ ಪ್ರಮಾಣ ಬೇರೆ. ಆಡಿನ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಎಂಬ ಹುಳು ದಿನಕ್ಕೆ ಸಾವಿರಾರು ಮೊಟ್ಟೆಯಿಡುತ್ತದೆ. ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದೆಯೇ ಎಂದು ನೋಡಿ, ಬಿಳಿಚಿದವಕ್ಕಷ್ಟೇ ಔಷಧಿ ಹಾಕುವ ಕ್ರಮವನ್ನು ದಕ್ಷಿಣ ಆಫ್ರಿಕಾದವರು ರೂಪಿಸಿದರು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಮೇಯಲು ಬಿಟ್ಟರೆ ಹುಲ್ಲಿನ ಮೇಲ್ಭಾಗಕ್ಕೆ ಏರಿದ ಮರಿಹುಳುಗಳೂ ಕಡಿಮೆ ಸಿಗುತ್ತವೆ.

ಕುದುರೆಗೆ ಗುಳಿಗೆಯ ಬದಲು, ಕುದುರೆಗೆಂದೇ ತಯಾರಿಸಿದ ಪೇಸ್ಟನ್ನು ವೈದ್ಯರು ಹೇಳಿದಂತೆ ಬಾಯಿಗೆ ಹಾಕಿ. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅದಕ್ಕೆ ಕೊಡಿಸಬೇಡಿ. ಕುದುರೆಯ ಸಣ್ಣ ಸ್ಟ್ರಾಂಗೈಲ್ ಹುಳುಗಳು ಫೆನ್‌ಬೆಂಡಜೋಲಿಗೆ ಜಗತ್ತಿನ ಹಲವೆಡೆ ಬಗ್ಗುತ್ತಿಲ್ಲವಾದ್ದರಿಂದ ಔಷಧಿಗೆ ಮೊದಲೊಮ್ಮೆ, ಎರಡು ವಾರದ ನಂತರ ಇನ್ನೊಮ್ಮೆ ಲದ್ದಿಯ ಮೊಟ್ಟೆ ಎಣಿಸಿದರಷ್ಟೇ ಕೆಲಸವಾಗಿದೆಯೇ ಎಂದು ತಿಳಿಯುತ್ತದೆ. ಮೇಯುವ ಜಾಗದ ಲದ್ದಿಯನ್ನು ವಾರಕ್ಕೆರಡು ಬಾರಿ ತೆಗೆಯಿರಿ, ಆಗಾಗ ಅಲ್ಲಿಗೆ ದನಗಳನ್ನೂ ಬಿಡಿ. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ಬದುಕುವುದಿಲ್ಲ.